ಸಂಧಿಯಾಗದ ಪೆಟ್ಟಿಗೆ

ಕನ್ನಡ ವ್ಯಾಕರಣದ ಪಾಠವನ್ನು ಕೇಳಿದವರಿಗೆಲ್ಲ ಸಂಧಿಯ ಪರಿಚಯವಿದ್ದೇ ಇರುತ್ತದೆ. ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಒಂದರೊಡನೊಂದು ಕೂಡಿದರೆ ಅದು ಸಂಧಿ. ಕೂಡುವಾಗ ಒಂದು ಅಕ್ಷರ ಬಿದ್ದುಹೋದರೆ ಲೋಪ. ಹೊಸದೊಂದು ಬಂದು ಸೇರಿಕೊಂಡರೆ ಆಗಮ. ಒಂದರ ಸ್ಥಾನದಲ್ಲಿ ಮತ್ತೊಂದು ಬಂದು ಕುಳಿತರೆ ಆದೇಶ. ಇವು ಮೂರನ್ನೂ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರುದಿನವೇ ಮರೆತವರು ನಮ್ಮಲ್ಲಿ ಬಹಳ ಮಂದಿ. ಆದರೆ ಇನ್ನೊಂದು ಉಂಟು; ಅದರ ಹೆಸರು ಪ್ರಕೃತಿಭಾವ. ಎರಡು ಸ್ವರಗಳು ಎದುರುಬದುರಾಗಿ ನಿಂತಿರುತ್ತವೆ. ಕೂಡುವುದಕ್ಕೆ ಅಡ್ಡಿಯೇನೂ ಕಣ್ಣಿಗೆ ಕಾಣುವುದಿಲ್ಲ. ಆದರೂ ಅವು ಕೂಡುವುದಿಲ್ಲ. "ಅಣ್ಣಾ, ಇತ್ತ ಬಾ" ಎಂದು ಕೂಗುವಾಗ 'ಅಣ್ಣಾ' ಮತ್ತು 'ಇತ್ತ' ಎಂಬೆರಡು ಪದಗಳು ಪಕ್ಕಪಕ್ಕದಲ್ಲಿದ್ದರೂ ತಮ್ಮ ತಮ್ಮ ಸ್ಥಾನದಲ್ಲಿಯೇ ಬಿಗಿದುಕೊಂಡು ನಿಂತುಬಿಡುತ್ತವೆ.

ಇದನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತ ಬಂದ ನನಗೆ ಪ್ರಕೃತಿಭಾವದ ನಿಜವಾದ ಸಂಕಟ ಅರ್ಥವಾದುದು ಮೊನ್ನೆ ಮೊನ್ನೆ, ಗುಂಡ್ಲುಪೇಟೆಯ ನಮ್ಮ ಹಳೆಯ ಹೆಂಚಿನ ಮನೆಯ ನಡುಮನೆಯಲ್ಲಿ. ಅಲ್ಲಿ ಕೂಡಲೊಲ್ಲದೆ ನಿಂತಿದ್ದವು ಅಕ್ಷರಗಳಲ್ಲ. ಪಡಸಾಲೆಯ ಗೋಡೆಗೆ ಹೊಸದಾಗಿ ಬಂದು ನೇತುಬಿದ್ದ ಬ್ರಾಡ್‌ಬ್ಯಾಂಡ್ ರೌಟರು ಒಂದು ಕಡೆ, ನಡುಮನೆಯ ಟೀವಿಯ ಕೆಳಗೆ ಕುಳಿತ ನನ್ನ ಮಗನ ಆಟದ ಪೆಟ್ಟಿಗೆ ಇನ್ನೊಂದು ಕಡೆ.

ಆಟದ ಪೆಟ್ಟಿಗೆಯೆಂದರೆ ಗೇಮ್ ಕನ್ಸೋಲು. ಮೈಸೂರಿನಲ್ಲಿರುವ ನನ್ನ ಭಾವಮೈದುನನು ತನಗೆ ಹೊಸದು ಬಂದ ಮೇಲೆ ಹಳೆಯದನ್ನು ಅಳಿಯನಿಗೆ ದಾಟಿಸಿದ್ದನು. ಅದರ ಹೆಸರು, ಕುಲ, ಗೋತ್ರಗಳು ಇಲ್ಲಿ ಬೇಡ. ಅದರ ತಪ್ಪೇನೂ ಇರಲಿಲ್ಲವೆಂಬುದು ಮುಂದೆ ತಾನಾಗಿಯೇ ತಿಳಿಯುವುದು. ಹಳೆಯ ತಾಮ್ರದ ತಂತಿಯ ಸಂಪರ್ಕವಿದ್ದಷ್ಟು ಕಾಲವೂ ಅದು ಸೊಗಸಾಗಿ ನಡೆದುಕೊಂಡು ಬಂದಿತ್ತು. ಒಂದು ಸೋಮವಾರ ಆ ತಂತಿ ಹೋಗಿ ಗಾಜಿನ ಎಳೆಯ ಫೈಬರ್ ಸಂಪರ್ಕ ಬಂದಿತು. ನನ್ನ ಫೋನು ಓಡಿತು. ಮನೆಯಾಕೆಯ ಫೋನು ಓಡಿತು. ನನ್ನ ಲ್ಯಾಪ್‌ಟಾಪು ಹಾರಿತು ಎಂದರೂ ಸಲ್ಲುತ್ತದೆ. ಆಟದ ಪೆಟ್ಟಿಗೆ ಮಾತ್ರ ಮೂಕವಾಯಿತು. "ಅಪ್ಪಾ, ನಮ್ಮ ವೈ-ಫೈ ಹೆಸರೇ ಇದರಲ್ಲಿ ಬರ್ತಾ ಇಲ್ಲ" ಎಂದು ಹುಡುಗ ಬಂದು ನಿಂತನು. "ನೋಡೋಣ" ಎಂದೆನು.

ವಾಚಕರಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ನಿವೇದಿಸಿಕೊಳ್ಳಬೇಕು. ಈ "ನೋಡೋಣ" ಎಂಬ ಮಾತು ನೋಡುವುದಕ್ಕಾಗಿ ಆಡಿದ್ದಲ್ಲ. ಪೆಟ್ಟಿಗೆ ಕೆಟ್ಟಿತೆಂದು ಕೇಳಿದಾಗ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಸಂತೋಷವೇ ಆಯಿತು. ಹತ್ತು ವರ್ಷದ ಹುಡುಗ. ಇನ್ನು ಮೇಲಾದರೂ ಸಂಜೆಯ ಹೊತ್ತು ಪುಸ್ತಕ ಹಿಡಿಯಲಿ, ಇಲ್ಲವೇ ಬಯಲಿಗೆ ಹೋಗಿ ಚೆಂಡಾಡಲಿ ಎಂದುಕೊಂಡೆನು. ಒಂದು ಶನಿವಾರ ಕಳೆಯಿತು. ನಾನು ಉತ್ತರಪತ್ರಿಕೆಗಳನ್ನು ತಿದ್ದುವ ನೆಪ ಹೇಳಿದೆನು. ಇನ್ನೊಂದು ಶನಿವಾರ ಬಂದಿತು. "ಏನ್ರೀ, ಆ ಪೆಟ್ಟಿಗೆ ಕೆಟ್ಟಿದ್ದು ನಿಮಗೆ ಬೇಜಾರೋ, ಸಂತೋಷವೋ?" ಎಂದು ನನ್ನಾಕೆ ಕೇಳಿದಳು. ನಾನು ಕೇಳಿಸದವನಂತೆ ಪತ್ರಿಕೆಗಳ ಮೇಲೆ ಬಗ್ಗಿದೆನು.

ಅಂದು ಸಂಜೆ ಆರು ಗಂಟೆಗೆ ನೀರು ಕುಡಿಯಲೆಂದು ಎದ್ದು ನಡುಮನೆಯನ್ನು ಹಾಯ್ದು ಹೋಗುತ್ತಿದ್ದಾಗ ಹುಡುಗನು ಟೀವಿಯ ಮುಂದೆ ಕುಳಿತಿರುವುದನ್ನು ಕಂಡೆನು. ತೆರೆಯ ಮೇಲೆ ಮೈನ್‌ಕ್ರಾಫ್ಟ್ ಎಂಬ ಆಟ. ಅದು ಹೊಡೆದಾಟದ ಆಟವಲ್ಲವೆಂಬುದು ನನಗೆ ಗೊತ್ತಾದುದೇ ಅಂದು. ಚೌಕದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಮನೆ, ಹೊಲ, ಸೇತುವೆ, ಊರುಗಳನ್ನು ಕಟ್ಟುವ ಆಟ. 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದುದು. ನನ್ನ ಮಗನೂ ಅವನ ತರಗತಿಯ ಜೊತೆಗಾರನೊಬ್ಬನೂ ಕೂಡಿ ಒಂದು ಊರನ್ನು ಕಟ್ಟುತ್ತಿದ್ದರಂತೆ. ಆ ಜೊತೆಗಾರನ ತಂದೆಗೆ ಜೂನ್ ತಿಂಗಳಿನಲ್ಲಿ ಕಲಬುರಗಿಗೆ ವರ್ಗವಾಯಿತು. ಕೇರಳಕ್ಕೂ ತಮಿಳುನಾಡಿಗೂ ಗಡಿಯನ್ನು ಹಂಚಿಕೊಂಡ ನಮ್ಮ ತಾಲ್ಲೂಕೆಲ್ಲಿ, ಬಡಗಣದ ಕಲಬುರಗಿಯೆಲ್ಲಿ! ಅಂದಿನಿಂದ ಪ್ರತಿ ಶನಿವಾರ ಸಂಜೆ ಆರರಿಂದ ಏಳರ ವರೆಗೆ ಇಬ್ಬರೂ ಆ ಊರಿನಲ್ಲಿ ಸೇರುವುದೆಂದು ಕರಾರಾಗಿತ್ತು. ಊರು ಇದ್ದದ್ದು ನಮ್ಮ ಪೆಟ್ಟಿಗೆಯಲ್ಲಿ. ಅವನು ತನ್ನ ಪೆಟ್ಟಿಗೆಯಿಂದ ಅದರೊಳಕ್ಕೆ ಬರಬೇಕು.

ಹುಡುಗನು ಅಂದು ಏನನ್ನೂ ಕಟ್ಟುತ್ತಿರಲಿಲ್ಲ. ಊರಬಾಗಿಲಿನ ಬಳಿ ಒಂದು ಹಲಗೆಯನ್ನು ನಿಲ್ಲಿಸಿ ಅದರ ಮೇಲೆ ಏನನ್ನೋ ಬರೆಯುತ್ತಿದ್ದನು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಕನ್ನಡ ಮೇಷ್ಟ್ರ ಮನೆಯಲ್ಲಿ ಇದಕ್ಕಿಂತ ಅಪಮಾನ ಬೇಕೆ ಎಂದು ಗದರಿಸಲು ಬಾಯಿ ತೆರೆದವನು ಓದಿದ ಮೇಲೆ ಬಾಯಿ ಮುಚ್ಚಿಕೊಂಡೆನು. "ನಂಗೆ ಕೋಪ ಇಲ್ಲ ಕಣೋ. ನೆಟ್ ಇಲ್ಲ."

"ಅವನು ಒಳಗೆ ಬಂದರೆ ತಾನೆ ಇದನ್ನು ಓದುವುದು?" ಎಂದೆನು.

"ಬಂದಾಗ ಓದ್ತಾನೆ" ಎಂದನು.

ನನಗೆ ಹನ್ನೊಂದು ವರ್ಷವಾಗಿದ್ದಾಗ, 1998ರಲ್ಲಿ, ನನಗೂ ಹೀಗೊಬ್ಬ ಗೆಳೆಯನಿದ್ದನು. ಅವರು ಊರು ಬಿಟ್ಟು ಹೋದರು; ಆರು ತಿಂಗಳೊಳಗಾಗಿ ನಾವು ಮನೆ ಬದಲಾಯಿಸಿದೆವು. ಅವನು ಬರೆದ ಇನ್‌ಲ್ಯಾಂಡ್ ಕಾಗದಗಳು ಹಳೆಯ ಬಾಗಿಲಿಗೆ ಬಂದು ವಿಳಾಸದಾರರಿಲ್ಲವೆಂದು ಹಿಂದಿರುಗಿದವಂತೆ. ನಾನು ಮರೆತೆನೆಂದು ಅವನು ತಿಳಿದನು. ಅವನು ಮರೆತನೆಂದು ನಾನು ತಿಳಿದೆನು. ಹದಿನೈದು ವರ್ಷದ ಮೇಲೆ ಒಂದು ಮದುವೆಯ ಪಂಕ್ತಿಯಲ್ಲಿ ಎದುರಾದಾಗ ಈ ವಿಷಯ ಹೊರಬಿದ್ದಿತು. ಇಬ್ಬರೂ ನಕ್ಕೆವು, ಆದರೆ ಆ ಹೊತ್ತಿಗೆ ನಮ್ಮಲ್ಲಿ ಆಡಲು ಮಾತು ಉಳಿದಿರಲಿಲ್ಲ. ಕೆಂಪು ಶಾಯಿಯ ಪೆನ್ನನ್ನು ಮುಚ್ಚಿಟ್ಟು ಮಗನ ಪಕ್ಕದಲ್ಲಿ ಕುಳಿತೆನು.

ಕುಳಿತದ್ದೇನೋ ಸರಿ, ಬೇನೆ ಎಲ್ಲಿದೆಯೆಂದು ತಿಳಿಯದೆ ಔಷಧ ಕೊಡುವ ವೈದ್ಯನಂತೆ ಕೈಗೆ ಸಿಕ್ಕಿದ ಗುಂಡಿಯನ್ನೆಲ್ಲ ಒತ್ತಿದೆನು. ರೌಟರನ್ನು ನಾಲ್ಕು ಸಲ ಆರಿಸಿ ಹೊತ್ತಿಸಿದೆನು. ನಮ್ಮ ವೈ-ಫೈ ಹೆಸರನ್ನು ಕೈಯಾರೆ ಬರೆದು ಕೊಟ್ಟರೂ ಪೆಟ್ಟಿಗೆ ಹುಡುಕಿ ಹುಡುಕಿ ಸೋತಿತು. ಕೊನೆಗೆ ಊಟಿ ರಸ್ತೆಯಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆನು. ಇವನು ಸಂಧಿಯ ಪ್ರಶ್ನೆಯನ್ನು ಮೂರು ಪರೀಕ್ಷೆಗಳಲ್ಲಿಯೂ ಬಿಟ್ಟುಬಿಟ್ಟವನು. ಅಂಗಡಿ ಮುಚ್ಚಿಕೊಂಡು ಮನೆಗೆ ಬಂದು, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನೇ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಪಡಸಾಲೆಯಲ್ಲಿ ರೌಟರಿನ ಮುಂದೆ ಕೈಕಟ್ಟಿ ನಿಂತು ಅದರ ದೀಪಗಳನ್ನು ನೋಡಿದನು.

"ಮೊದಲು ಎಲ್ಲಿ ಕೆಟ್ಟಿಲ್ಲ ಅಂತ ತಿಳ್ಕೋಬೇಕು ಸಾ. ಆಮೇಲೆ ಎಲ್ಲಿ ಕೆಟ್ಟಿದೆ ಅಂತ ತಾನಾಗೇ ಗೊತ್ತಾಯ್ತದೆ" ಎಂದನು. ಅಂದು ಅವನಿಂದ ಕಲಿತದ್ದನ್ನು ಕ್ರಮವಾಗಿ ಇಲ್ಲಿ ಬರೆದಿಡುತ್ತೇನೆ. ಇಂತಹ ಪೆಟ್ಟಿಗೆ ಈಗ ಅನೇಕರ ಮನೆಗಳಲ್ಲಿದೆ. ಎಂದಾದರೊಂದು ದಿನ ಅವರ ಮಕ್ಕಳೂ ಬಂದು ಎದುರಿಗೆ ನಿಲ್ಲುತ್ತಾರೆ.

ಮೊದಲನೆಯ ಮೆಟ್ಟಿಲು, ಮನೆಗೆ ಬರುವ ದಾರಿ. ಫೈಬರಿನ ಎಳೆಯಲ್ಲಿ ಬರುವುದು ವಿದ್ಯುತ್ತಲ್ಲ, ಬೆಳಕು. ಆ ಬೆಳಕು ಮನೆಯ ವರೆಗೆ ಬಂದು ಮುಟ್ಟಿದೆಯೇ ಎಂಬುದನ್ನು ರೌಟರಿನ ದೀಪಗಳೇ ಹೇಳುತ್ತವೆ. 'ಪಾನ್' ಎಂದು ಬರೆದ ದೀಪ ಅಲುಗದೆ ಹಸುರಾಗಿ ಉರಿಯುತ್ತಿದ್ದರೆ ಸಾಮಾನ್ಯವಾಗಿ ದಾರಿ ನಿರಾತಂಕ; 'ಲಾಸ್' ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಎಳೆ ಎಲ್ಲಿಯೋ ತುಂಡಾಗಿರಬಹುದು, ಇಲ್ಲವೇ ಮನೆಯೊಳಗೇ ಯಾರೋ ಅದನ್ನು ಚೂಪಾಗಿ ಮಡಿಸಿರಬಹುದು. ತಾಮ್ರದ ತಂತಿಯನ್ನು ಮಡಿಸಿದಂತೆ ಗಾಜಿನ ಎಳೆಯನ್ನು ಮಡಿಸಲಾಗದು. ಮಡಿಕೆಯಲ್ಲಿ ಬೆಳಕು ಸೋರಿಹೋಗುತ್ತದೆ. ಹಾಗಾದಾಗ ಪೆಟ್ಟಿಗೆಯ ಮೇಲೆ ಸಿಟ್ಟಾಗುವುದು ವ್ಯರ್ಥ. ಕಂಪನಿಗೆ ಹೇಳಿ ಕಳುಹಿಸುವುದೊಂದೇ ಉಪಾಯ. ನಮ್ಮಲ್ಲಿ ಹಸುರು ದೀಪವೇ ಉರಿಯುತ್ತಿದ್ದಿತು. ಮೇಲಾಗಿ ಅದೇ ವೈ-ಫೈಯಲ್ಲಿ ಫೋನುಗಳೂ ಓಡುತ್ತಿದ್ದವು. ಆದುದರಿಂದ ದಾರಿ ನಿರ್ದೋಷಿ.

ಎರಡನೆಯ ಮೆಟ್ಟಿಲು, ಪೆಟ್ಟಿಗೆಯ ದೇಹಪರೀಕ್ಷೆ. ಅವನು ತನ್ನ ಫೋನಿನಲ್ಲಿ ಹಾಟ್‌ಸ್ಪಾಟನ್ನು ತೆರೆದು, "ಇದನ್ನು ಹಿಡೀತದಾ ನೋಡು ಮರಿ" ಎಂದು ಹುಡುಗನಿಗೆ ಹೇಳಿದನು. ಪೆಟ್ಟಿಗೆ ಒಂದೇ ಸಲಕ್ಕೆ ಹಿಡಿಯಿತು. ಅಂದರೆ ಅದರ ಕಿವಿಯೂ ಬಾಯಿಯೂ ನೆಟ್ಟಗಿವೆ. ದಾರಿ ಸರಿ, ಪೆಟ್ಟಿಗೆ ಸರಿ. ಇನ್ನುಳಿದುದು ಇವೆರಡರ ನಡುವಣ ಸಂಧಿಕಾರ್ಯ ಮಾತ್ರ. ಐದು ನಿಮಿಷದ ಈ ಪರೀಕ್ಷೆಯನ್ನು ನಾನು ಮೊದಲೇ ಮಾಡಿದ್ದರೆ ರೌಟರನ್ನು ನಾಲ್ಕು ಸಲ ಕೊಂದು ಬದುಕಿಸುವ ಪಾಪ ತಪ್ಪುತ್ತಿದ್ದಿತು.

ಆರಿಸಿ ಹೊತ್ತಿಸುವುದು ನಿರರ್ಥಕವೇ ಎಂದು ಕೇಳಿದೆನು. ಅಲ್ಲವಂತೆ, ಆದರೆ ಅದಕ್ಕೂ ಒಂದು ಕ್ರಮವಿದೆ. ರೌಟರು ಮನೆಯ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯನ್ನು ಗೊತ್ತಾದ ಅವಧಿಗೆ ಬಾಡಿಗೆಗೆ ಕೊಟ್ಟಂತೆ ಕೊಟ್ಟಿರುತ್ತದೆ. ಒಮ್ಮೊಮ್ಮೆ ಆ ಲೆಕ್ಕದ ಪುಸ್ತಕ ಗೋಜಲಾಗುತ್ತದೆ. ಎರಡನ್ನೂ ಆರಿಸಿ, ಮೊದಲು ರೌಟರನ್ನು ಹೊತ್ತಿಸಿ, ಅದರ ದೀಪಗಳು ನೆಲೆಗೊಳ್ಳುವ ತನಕ ಎರಡು ಮೂರು ನಿಮಿಷ ಕಾದು, ಅನಂತರ ಪೆಟ್ಟಿಗೆಯನ್ನು ಹೊತ್ತಿಸಿದರೆ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ನನ್ನಂತೆ ಹತ್ತು ಸೆಕೆಂಡಿಗೊಮ್ಮೆ ಗುಂಡಿಯೊತ್ತಿದರೆ ಯಾವ ಲೆಕ್ಕವೂ ಚುಕ್ತಾ ಆಗುವುದಿಲ್ಲ.

ಮೂರನೆಯ ಮೆಟ್ಟಿಲಿನಲ್ಲಿ ನಮ್ಮ ರಹಸ್ಯ ಒಡೆಯಿತು. ವೈ-ಫೈಗೆ ಎರಡು ಧ್ವನಿಗಳುಂಟು. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. ಎರಡನೆಯದರದು ಅದರ ಅರ್ಧಕ್ಕಿಂತಲೂ ತುಸು ಕಡಿಮೆ. ಉದ್ದನೆಯ ಅಲೆ ವೇಗದಲ್ಲಿ ಹಿಂದಾದರೂ ಗೋಡೆಯನ್ನು ಭೇದಿಸುವುದರಲ್ಲಿ ಮುಂದು. ಗಿಡ್ಡನೆಯದು ಕ್ಷಿಪ್ರಗಾಮಿ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಮಣ್ಣಿನ ದಪ್ಪ ಗೋಡೆಗಳ ನಮ್ಮಂತಹ ಮನೆಗಳಲ್ಲಿ ಈ ಭೇದ ಎದ್ದು ಕಾಣುತ್ತದೆ. ಇದಕ್ಕೂ ಮಿಗಿಲಾದ ಮಾತೆಂದರೆ ಹಳೆಯ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಎರಡನೆಯ ಧ್ವನಿ ಕೇಳಿಸುವುದೇ ಇಲ್ಲ. 2006ರಲ್ಲಿ ಬಂದ ಪ್ಲೇಸ್ಟೇಷನ್ 3 ಮತ್ತು ನಿಂಟೆಂಡೊ ವೀ, 2013ರಲ್ಲಿ ಬಂದ ಪ್ಲೇಸ್ಟೇಷನ್ 4ರ ಮೊದಮೊದಲ ಮಾದರಿಗಳು 2.4ನ್ನು ಮಾತ್ರ ಬಲ್ಲವು. ಪ್ಲೇಸ್ಟೇಷನ್ 4ರಲ್ಲಿಯೇ 2016ರಲ್ಲಿ ಬಂದ ಸ್ಲಿಮ್ ಮತ್ತು ಪ್ರೊ ಮಾದರಿಗಳೂ, 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಕೂಡ ಎರಡನ್ನೂ ಬಲ್ಲವು. ಇದು ದೋಷವಲ್ಲ, ಕಾಲಧರ್ಮ. ನಡುಗನ್ನಡವನ್ನು ಬಲ್ಲವನಿಗೆ ಹಳಗನ್ನಡ ತಿಳಿಯದಿದ್ದರೆ ನಾವು ಅವನನ್ನು ಕಿವುಡನೆನ್ನುತ್ತೇವೆಯೇ?

ನಮ್ಮ ಹಳೆಯ ರೌಟರಿಗೆ ಇದ್ದದ್ದು ಒಂದೇ ಧ್ವನಿ. ಆದುದರಿಂದ ಪೆಟ್ಟಿಗೆಗೆ ತೊಂದರೆಯಾಗಿರಲಿಲ್ಲ. ಹೊಸದಕ್ಕೆ ಎರಡು. ಸಂಪರ್ಕ ಕೊಡಲು ಬಂದಾತನು "ವೈ-ಫೈಗೆ ಏನು ಹೆಸರಿಡಲಿ ಸರ್?" ಎಂದು ಕೇಳಿದ್ದನು. ನಾನು ಕನ್ನಡದ ಅಭಿಮಾನದಿಂದ "ಕವಿರಾಜಮಾರ್ಗ ಎಂದು ಇಡಿ" ಎಂದೆನು. "ಎರಡಕ್ಕೂ ಇಡಬೇಕಾ?" ಎಂದು ಅವನು ಮರಳಿ ಕೇಳಿದ್ದು ಈಗ ನೆನಪಿಗೆ ಬರುತ್ತದೆ. ತರಗತಿಗೆ ಹೊತ್ತಾಗಿದ್ದಿತು, "ಒಂದಕ್ಕಿದ್ದರೆ ಸಾಕು" ಎಂದು ಹೇಳಿ ಹೊರಟುಬಿಟ್ಟೆನು. ಹೀಗಾಗಿ 5 ಗಿಗಾಹರ್ಟ್ಸಿಗೆ ಕವಿರಾಜಮಾರ್ಗವೆಂಬ ಘನವಾದ ನಾಮಕರಣವಾಯಿತು, 2.4ರದು ಕಾರ್ಖಾನೆಯಲ್ಲಿ ಹುಟ್ಟಿದಾಗ ಇಟ್ಟ ಅಕ್ಷರ-ಅಂಕಿಗಳ ಹೆಸರಿನಲ್ಲಿಯೇ ಉಳಿಯಿತು. ಪೆಟ್ಟಿಗೆಯ ಪಟ್ಟಿಯಲ್ಲಿ ಮೂರು ಹೆಸರುಗಳು ಕಾಣುತ್ತಿದ್ದವು. ಎರಡು ನೆರೆಮನೆಗಳವು. ಆ ವಿಚಿತ್ರ ಹೆಸರಿನ ಮೂರನೆಯದೂ ಯಾರೋ ಪರರದೆಂದು ಅಪ್ಪ-ಮಗ ಇಬ್ಬರೂ ನಂಬಿದ್ದೆವು.

ಶಿಷ್ಯನು ರೌಟರನ್ನು ಗೋಡೆಯಿಂದ ಇಳಿಸಿ ಅಡಿಮೇಲು ಮಾಡಿದನು. ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಅದೇ ಹೆಸರು, ಅದರ ಕೆಳಗೆ ಪಾಸ್‌ವರ್ಡು. "ಇದು ಬೇರೆಯವರದ್ದಲ್ಲ ಸಾ, ನಿಮ್ಮನೇದೇ" ಎಂದನು. ಮನೆಯ ಮಗುವನ್ನೇ ಪರರದೆಂದು ಎರಡು ವಾರ ಬಾಗಿಲಲ್ಲಿ ನಿಲ್ಲಿಸಿದಂತಾಯಿತು. ಹುಡುಗನು ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಒತ್ತಿದನು. ಪೆಟ್ಟಿಗೆ ಕೂಡಿಕೊಂಡಿತು.

ಇಲ್ಲಿ ಇತರರಿಗೆ ಒದಗಬಹುದಾದ ತೊಡಕುಗಳನ್ನೂ ಹೇಳಿಬಿಡುವುದು ಮೇಲು. ಹೆಸರು ಕಾಣಿಸಿಯೂ ಸರಿಯಾದ ಪಾಸ್‌ವರ್ಡನ್ನು ಪೆಟ್ಟಿಗೆ ಒಪ್ಪದಿದ್ದರೆ, ಹೊಸ ರೌಟರುಗಳಲ್ಲಿ ಬರುವ ಡಬ್ಲ್ಯೂಪಿಎ 3 ಎಂಬ ಬೀಗವನ್ನು ಹಳೆಯ ಯಂತ್ರಕ್ಕೆ ತೆರೆಯಲು ಬಾರದಿರಬಹುದು. ರೌಟರಿನಲ್ಲಿ ಡಬ್ಲ್ಯೂಪಿಎ 2 ಎಂದು ಬದಲಾಯಿಸಿದರೆ ಸರಿಹೋಗುತ್ತದೆ. ಕೂಡಿಕೊಂಡ ಮೇಲೂ ಒಳಗೆ ಬಿಡದಿದ್ದರೆ ಪೆಟ್ಟಿಗೆಯ ದಿನಾಂಕವನ್ನು ನೋಡಬೇಕು. ಬಹುಕಾಲ ಮೂಲೆಯಲ್ಲಿದ್ದ ಪೆಟ್ಟಿಗೆಯ ಗಡಿಯಾರ ಹಿಂದೆ ಬಿದ್ದಿದ್ದರೆ ಅತ್ತಲಿನ ಯಂತ್ರ ತೋರಿಸುವ ಗುರುತಿನ ಪತ್ರದ ಅವಧಿಗೂ ಇದರ ಲೆಕ್ಕಕ್ಕೂ ತಾಳೆಯಾಗದೆ ಸಂಪರ್ಕ ಕಡಿದುಹೋಗುತ್ತದೆ. ಸಂಕೇತ ಬಂದು ಹೋಗಿ ಮಾಡುತ್ತಿದ್ದರೆ ಅಡುಗೆಮನೆಯ ಮೈಕ್ರೋವೇವ್ ಒಲೆಯನ್ನು ಶಂಕಿಸಬಹುದು. ಅದು ಕೆಲಸ ಮಾಡುವುದೂ 2.45 ಗಿಗಾಹರ್ಟ್ಸಿನ ಆಸುಪಾಸಿನಲ್ಲಿಯೇ. ಗೋಡೆಗಳೇ ಶತ್ರುಗಳಾದರೆ ರೌಟರಿನಿಂದ ಪೆಟ್ಟಿಗೆಗೆ ನೇರವಾಗಿ ಒಂದು ಲ್ಯಾನ್ ತಂತಿಯನ್ನು ಎಳೆಯುವುದೇ ಎಲ್ಲಕ್ಕಿಂತ ನೆಚ್ಚಿನ ಮದ್ದು. ಅದಕ್ಕೆ 100 ಮೀಟರಿನ ಮಿತಿಯುಂಟು. ಯಾರ ಮನೆಯೂ ಅಷ್ಟು ಉದ್ದವಿರಲಾರದು.

ನಮ್ಮ ಕಥೆ ಇಲ್ಲಿಗೇ ಮುಗಿಯಿತೆಂದುಕೊಂಡು ಶಿಷ್ಯನಿಗೆ ಕಾಫಿ ಕೊಟ್ಟು ಕಳುಹಿಸಿದೆವು. ಆ ಹೊತ್ತಿಗೆ ಏಳು ದಾಟಿದ್ದಿತು. ಕಲಬುರಗಿಯ ಹುಡುಗ ಎದ್ದುಹೋಗಿದ್ದನು. ಮುಂದಿನ ಶನಿವಾರ ಆರಕ್ಕೆ ಮೊದಲೇ ನಾನೂ ಕುರ್ಚಿಯೆಳೆದುಕೊಂಡು ಕುಳಿತೆನು. ತೆರೆಯ ಮೂಲೆಯಲ್ಲಿ ಗೆಳೆಯನ ಗುರುತು ಹಸುರಾಯಿತು. ನನ್ನ ಮಗನು ಕರೆಯೋಲೆ ಕಳುಹಿಸಿದನು. ಅತ್ತಲಿಂದ ಅವನು ಒಳಗೆ ಬರಲು ಯತ್ನಿಸಿದನು; ಆಗಲಿಲ್ಲ. ಮತ್ತೆ ಯತ್ನಿಸಿದನು, ಆಗಲಿಲ್ಲ. ಊರಬಾಗಿಲಿನಲ್ಲಿ ಹಲಗೆ ನಿಂತೇ ಇದ್ದಿತು. ಓದಬೇಕಾದವನು ಮಾತ್ರ ಹೊರಗೆ.

ಶಿಷ್ಯನಿಗೆ ಫೋನು ಮಾಡಿದೆನು. ಪೆಟ್ಟಿಗೆಯಲ್ಲಿ ಸಂಪರ್ಕದ ಪರೀಕ್ಷೆಯನ್ನು ಓಡಿಸಿ 'ನ್ಯಾಟ್' ಎಂಬುದರ ಮುಂದೆ ಏನಿದೆಯೆಂದು ಓದಲು ಹೇಳಿದನು. 'ಬಿಗಿ' ಎಂಬರ್ಥದ ಇಂಗ್ಲಿಷ್ ಪದವಿದ್ದಿತು. ಇದನ್ನು ಕೆಲವು ಪೆಟ್ಟಿಗೆಗಳು 1, 2, 3 ಎಂದೂ, ಕೆಲವು ತೆರೆದದ್ದು, ಮಧ್ಯಮ, ಬಿಗಿ ಎಂದೂ, ಇನ್ನು ಕೆಲವು ಇಂಗ್ಲಿಷಿನ ಎ, ಬಿ, ಸಿ ಅಕ್ಷರಗಳಿಂದಲೂ ಸೂಚಿಸುತ್ತವೆ. ಅರ್ಥ ಒಂದೇ: ಬಾಗಿಲು ಎಷ್ಟರ ಮಟ್ಟಿಗೆ ತೆರೆದಿದೆ ಎಂಬುದು.

ಇದರ ಹಿನ್ನೆಲೆ ಸ್ವಾರಸ್ಯವಾದುದು. ಅಂತರ್ಜಾಲದ ಹಳೆಯ ವಿಳಾಸಪದ್ಧತಿಯಲ್ಲಿ ಇರುವ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಪ್ರಪಂಚದ ಜನರೇ 800 ಕೋಟಿಯನ್ನು ಮೀರಿದ್ದಾರೆ. ಮನೆಗೆ ನಾಲ್ಕಾರು ಯಂತ್ರಗಳು ಬೇರೆ. ಹಂಚಲು ಉಳಿದಿದ್ದ ಕೊನೆಯ ಕಂತುಗಳು 2011ರ ಫೆಬ್ರವರಿಯಲ್ಲಿ ಜಗತ್ತಿನ ಪ್ರಾಂತೀಯ ಸಂಸ್ಥೆಗಳಿಗೆ ಸಂದುಹೋದವು. ಈ ಕೊರತೆಯನ್ನು ಮೊದಲೇ ಕಂಡವರು ಮಾಡಿದ ಉಪಾಯವೇ ನ್ಯಾಟ್. ಒಂದು ವಠಾರದಲ್ಲಿ ಹತ್ತು ಸಂಸಾರಗಳಿದ್ದರೂ ಬೀದಿಗೆ ಒಂದೇ ಬಾಗಿಲ ಸಂಖ್ಯೆಯಿರುವಂತೆ, ಮನೆಯೊಳಗಿನ ಯಂತ್ರಗಳಿಗೆಲ್ಲ 192.168 ಎಂದು ಮೊದಲಾಗುವ ಒಳಸಂಖ್ಯೆಗಳನ್ನು ಕೊಟ್ಟು ಹೊರಗೆ ಒಂದೇ ವಿಳಾಸವನ್ನು ತೋರಿಸುವುದು. ಒಳಗಿನವನು ಕಾಗದ ಬರೆದರೆ ಅದಕ್ಕೆ ಬಂದ ಉತ್ತರವನ್ನು ಯಾರಿಗೆ ಕೊಡಬೇಕೆಂದು ರೌಟರಿಗೆ ಗೊತ್ತು. ಆದರೆ ಯಾರೂ ಬರೆಯದೆ ಹೊರಗಿನಿಂದ ತಾನಾಗಿ ಬಂದವನನ್ನು ಯಾವ ಮನೆಗೆ ಕಳುಹಿಸಬೇಕು? ಗೊತ್ತಿಲ್ಲವಾದುದರಿಂದ ಬಾಗಿಲಲ್ಲಿಯೇ ತಡೆಯುತ್ತದೆ.

ಗುಂಡ್ಲುಪೇಟೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಂಡೀಪುರದ ಕಾಡಿನ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ವನ್ಯಮೃಗಗಳ ಪ್ರಾಣವನ್ನು ಉಳಿಸುವುದಕ್ಕಾಗಿ ಇಳಿಸಿದ ಆ ಗೇಟು ಒಳ್ಳೆಯದೇ. ಪರವಾನಗಿಯುಳ್ಳ ಕೆಲವು ಬಸ್ಸುಗಳು ಮತ್ತು ಆಂಬುಲೆನ್ಸು ದಾಟುತ್ತವೆ. ಹೊತ್ತು ಮೀರಿ ಬಂದ ಲಾರಿಯವನು ಎಷ್ಟೇ ಒಳ್ಳೆಯವನಾದರೂ ಬೆಳಗಿನ ತನಕ ಕಾಯಬೇಕು. ನಮ್ಮ ರೌಟರೂ ಹೀಗೆಯೇ ನಮ್ಮ ರಕ್ಷಣೆಗಾಗಿಯೇ ಗೇಟು ಇಳಿಸಿದ್ದಿತು. ಊರು ನಮ್ಮ ಪೆಟ್ಟಿಗೆಯಲ್ಲಿದ್ದುದರಿಂದ ಕಲಬುರಗಿಯ ಹುಡುಗ ಹೊರಗಿನಿಂದ ಬರಬೇಕಾದವನು. ಅವನ ಹೆಸರಿನಲ್ಲಿ ಪರವಾನಗಿ ಇರಲಿಲ್ಲ.

ಆ ಪರವಾನಗಿಯನ್ನು ಬರೆಯುವ ಗುಮಾಸ್ತನ ಹೆಸರು ಯುಪಿಎನ್‌ಪಿ. ಅದನ್ನು ಚಾಲನೆಯಲ್ಲಿಟ್ಟರೆ ಪೆಟ್ಟಿಗೆಯೇ ರೌಟರಿಗೆ "ಇಂಥ ಬಾಗಿಲಿಗೆ ನನ್ನ ಅತಿಥಿ ಬರುತ್ತಾನೆ, ಬಿಡು" ಎಂದು ಮುಂಚಿತವಾಗಿ ತಿಳಿಸುತ್ತದೆ. ಶಿಷ್ಯನು ಫೋನಿನಲ್ಲಿ ಹೇಳಿದಂತೆ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ 192.168.1.1 ಎಂದು ಬರೆದು, ಚೀಟಿಯಲ್ಲಿದ್ದ ಒಡೆಯನ ಪಾಸ್‌ವರ್ಡಿನಿಂದ ರೌಟರಿನ ಒಳಹೊಕ್ಕು ಆ ಗುಮಾಸ್ತನನ್ನು ಎಬ್ಬಿಸಿದೆನು. ಒಡೆಯನ ಪಾಸ್‌ವರ್ಡನ್ನು ಆಗಲೇ ಬದಲಾಯಿಸುವಂತೆಯೂ, ಎಲ್ಲ ಬಾಗಿಲುಗಳನ್ನೂ ಹಾರುಹೊಡೆದು ತೆರೆದಿಡುವ 'ಡಿಎಂಜೆಡ್' ಎಂಬುದನ್ನು ಯಾರು ಸಲಹೆ ಕೊಟ್ಟರೂ ಮುಟ್ಟದಂತೆಯೂ ಅವನು ಎಚ್ಚರಿಸಿದನು. ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿ ಪರೀಕ್ಷೆ ಮಾಡಿದಾಗ 'ಬಿಗಿ' ಹೋಗಿ 'ಮಧ್ಯಮ' ಬಂದಿದ್ದಿತು. ಗೆಳೆಯರ ಆಟಕ್ಕೆ ಅಷ್ಟು ಸಾಕು.

ಇಷ್ಟಾದರೂ 'ಬಿಗಿ' ಸಡಿಲದಿದ್ದರೆ ಇನ್ನೊಂದು ಕಾರಣವಿರಬಹುದು. ವಿಳಾಸದ ಕೊರತೆಯಿಂದಾಗಿ ಅನೇಕ ಕಂಪನಿಗಳು ನೂರಾರು ಮನೆಗಳನ್ನೇ ಒಂದು ವಠಾರಮಾಡಿ ಒಂದು ವಿಳಾಸದ ಹಿಂದೆ ನಿಲ್ಲಿಸುತ್ತವೆ. ರೌಟರಿನ ಪುಟದಲ್ಲಿ ಹೊರವಿಳಾಸವು 100.64ರಿಂದ 100.127ರ ಒಳಗಿನದಾಗಿದ್ದರೆ ಹೀಗಾಗಿದೆಯೆಂದು ತಿಳಿಯಬೇಕು. ಆಗ ನಮ್ಮ ಬಾಗಿಲನ್ನು ನಾವು ತೆರೆದರೂ ಹೊರಗಿನ ಹೆಬ್ಬಾಗಿಲು ಕಂಪನಿಯ ಕೈಯಲ್ಲಿರುತ್ತದೆ. ಸ್ವಂತ ಸಾರ್ವಜನಿಕ ವಿಳಾಸವನ್ನು ಕೊಡುತ್ತೀರಾ ಎಂದು ಅವರನ್ನೇ ಕೇಳಬೇಕು. ಕೆಲವರು ಪ್ರತ್ಯೇಕ ಹಣ ಪಡೆದು ಕೊಡುತ್ತಾರೆ. ವಿಳಾಸಗಳ ಬರವೇ ಇಲ್ಲದ ಐಪಿವಿ6 ಎಂಬ ಹೊಸ ಪದ್ಧತಿ ಎರಡೂ ಕಡೆ ಇದ್ದು, ಪೆಟ್ಟಿಗೆಗೂ ಆಟಕ್ಕೂ ಅದು ತಿಳಿದಿದ್ದರೆ ಈ ಹೆಬ್ಬಾಗಿಲಿನ ತೊಡಕು ಬಹುಮಟ್ಟಿಗೆ ಕಡಮೆಯಾಗುತ್ತದೆ.

ಆರೂ ಮುಕ್ಕಾಲಿಗೆ ತೆರೆಯ ಮೇಲೆ ಊರಬಾಗಿಲಿನಲ್ಲಿ ಚೌಕದ ತಲೆಯ ಒಂದು ಗೊಂಬೆ ಪ್ರತ್ಯಕ್ಷವಾಯಿತು. ಎರಡು ಹೆಜ್ಜೆ ಮುಂದೆ ಬಂದು ಹಲಗೆಯ ಮುಂದೆ ನಿಂತಿತು. ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಟೀವಿಯಿಂದ ಒಂದು ಸಣ್ಣ ದನಿ ಕೇಳಿಸಿತು.

"ನಾನು ಕೋಪ ಅಂದ್ಕೊಂಡಿದ್ದೆ ಕಣೋ."

"ಇಲ್ಲ ಕಣೋ. ನಮ್ಮಪ್ಪ ವೈ-ಫೈಗೆ ಏನೋ ದೊಡ್ಡ ಹೆಸರಿಟ್ಟಿದ್ರು" ಎಂದನು ನನ್ನ ಮಗ.

ಅದನ್ನು ಕೇಳಿ ಅಡುಗೆಮನೆಯಿಂದ ನನ್ನಾಕೆ ನಕ್ಕದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಈ ಸಲ ಕೇಳಿಸದವನಂತೆ ನಟಿಸಲಿಲ್ಲ.

ಹುಡುಗರು ಗಂಟೆಗಟ್ಟಲೆ ತೆರೆಯ ಮುಂದೆ ಕುಳಿತಿರಲೆಂದು ನಾನು ಈಗಲೂ ಹೇಳುವುದಿಲ್ಲ. ಏಳು ಗಂಟೆಗೆ ಪೆಟ್ಟಿಗೆ ಆರಬೇಕೆಂಬ ಕರಾರು ಹಾಗೆಯೇ ಇದೆ. ಅಂದು ಮಾತ್ರ ಏಳೂವರೆಯ ವರೆಗೆ ಗಡಿಯಾರವನ್ನು ನಾನು ನೋಡಲಿಲ್ಲ. ಆದರೆ ಆಟವನ್ನು ನಿಲ್ಲಿಸಬೇಕೆಂದಿದ್ದರೆ ತಂದೆಯಾದವನು ಕಾರಣ ಹೇಳಿ ನಿಲ್ಲಿಸಬೇಕು. ಕೆಟ್ಟ ಯಂತ್ರದ ಹಿಂದೆ ಅಡಗಿಕೊಂಡು "ನೋಡೋಣ" ಎನ್ನಬಾರದು. ನಾನು ತಡೆದುದು ಆಟವೆಂದು ತಿಳಿದಿದ್ದೆನು. ತಡೆದದ್ದು ಒಂದು ಕಾಗದವನ್ನು.

ಇನ್ನೊಂದು ಕೆಲಸವನ್ನೂ ಅಂದೇ ಮುಗಿಸಿದೆನು. ಆ ಹುಡುಗನ ತಂದೆ ಈ ಊರಿನಲ್ಲಿ ಮೂರು ವರ್ಷವಿದ್ದರೂ ಅವರ ಫೋನ್ ನಂಬರನ್ನು ಕೇಳಿ ಬರೆದಿಟ್ಟುಕೊಳ್ಳುವ ಸೌಜನ್ಯ ನನಗಿರಲಿಲ್ಲ. ಇದ್ದಿದ್ದರೆ ಮೊದಲ ಶನಿವಾರವೇ ಎರಡು ಮಾತಿನಲ್ಲಿ ಮುಗಿಯುತ್ತಿದ್ದಿತು. ಮಗನ ಮೂಲಕ ಅತ್ತಲಿನ ಹುಡುಗನನ್ನು ಕೇಳಿ ಆ ನಂಬರನ್ನು ಪಡೆದು, ಕೆಂಪು ಶಾಯಿಯಲ್ಲಿ ಒಂದು ಚೀಟಿಯ ಮೇಲೆ ಬರೆದು, ರೌಟರಿನ ಹಿಂಬದಿಗೆ ಆ ಕಾರ್ಖಾನೆಯ ಚೀಟಿಯ ಪಕ್ಕದಲ್ಲಿಯೇ ಅಂಟಿಸಿದ್ದೇನೆ. ಮರುದಿನ ಅವರಿಗೆ ಫೋನು ಮಾಡಿ ಮಾತನಾಡಿಯೂ ಆಯಿತು. ಅವರ ಮನೆಯಲ್ಲಿಯೂ ಹುಡುಗನು ಎರಡು ಶನಿವಾರ ಊಟ ಮಾಡದೆ ಮಲಗಿದ್ದನಂತೆ.

2.4 ಗಿಗಾಹರ್ಟ್ಸಿನ ಆ ಅನಾಮಧೇಯಕ್ಕೂ ಈಗ ಒಂದು ಹೆಸರಾಗಿದೆ. ಹೆಸರಿಟ್ಟವನು ನನ್ನ ಮಗ. ಊರಬಾಗಿಲು ಎಂದು ಇಟ್ಟಿದ್ದಾನೆ. ಬರೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿಯೇ. ಅದನ್ನು ತಿದ್ದುವ ಧೈರ್ಯ ಈ ಕನ್ನಡ ಮೇಷ್ಟ್ರಿಗೆ ಸದ್ಯಕ್ಕೆ ಇಲ್ಲ.